ಹಾರ್ಮೋನ್ ಚಿಕಿತ್ಸೆ ಕೈಹತ್ತಲು ಹತ್ತು ಸೂತ್ರಗಳು

ಮೂರು ಹೊತ್ತು ಉಂಡರೂ ಮೈಯಲ್ಲಿ ಕಸುವಿಲ್ಲ, ಮಲಗಿದರೆ ನಿದ್ದೆಯಿಲ್ಲ, ಮನೆಯವರ ಸಣ್ಣ ಮಾತಿಗೂ ಕಣ್ಣಲ್ಲಿ ನೀರು. ನಲವತ್ತು ದಾಟಿದವರು ಹೀಗೆಂದರೆ ಸಾಕು, ಈಗ ಸಿದ್ಧ ಉತ್ತರವೊಂದು ಸಿಗುತ್ತದೆ: ‘ಹಾರ್ಮೋನ್ ಇಂಬ್ಯಾಲೆನ್ಸ್.’ ಅದರ ಬೆನ್ನಿಗೇ ಪ್ಯಾಕೇಜ್ ಟೆಸ್ಟು, ಜೆಲ್ಲು, ಇಂಜೆಕ್ಷನ್ನು.

ಆಸೆ ಹಳೆಯದು. 1889ರಲ್ಲಿ ಪ್ಯಾರಿಸ್‌ನ ಹೆಸರಾಂತ ವಿಜ್ಞಾನಿ ಬ್ರೌನ್-ಸೆಕಾರ್, ತನ್ನ 72ನೇ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಪಿಗ್‌ಗಳ ವೃಷಣದ ರಸವನ್ನು ತಾನೇ ಚುಚ್ಚಿಕೊಂಡು, ಪ್ರಾಯ ಮರಳಿತೆಂದು ಸಾರಿದ. ಆ ರಸದಲ್ಲಿ ಕೆಲಸಕ್ಕೆ ಬರುವಷ್ಟು ಹಾರ್ಮೋನ್ ಇರಲೇ ಇಲ್ಲ. ಎರಡು ವರ್ಷದ ನಂತರ, 1891ರಲ್ಲಿ, ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಥೈರಾಯ್ಡ್ ಸೋತು, ಮೈ ಊದಿ, ಮಂಕಾಗಿ ಕೂತಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ರಸ ಕೊಟ್ಟ. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬಾಳಿದಳು. ಆಕೆಗೆ ನಿಜವಾದ ಕೊರತೆಯಿತ್ತು. ವಿಜ್ಞಾನಿಗೆ ಆಗಿದ್ದದ್ದು ವಯಸ್ಸು. ಕೆಳಗಿನ ಸೂತ್ರಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

1. ಮೊದಲು ಹಿಮೋಗ್ಲೋಬಿನ್ ನೋಡಿಸಿ.
2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯೂ ಸಾಮಾನ್ಯ. ಇವೆರಡರ ಜೊತೆ ಶುಗರ್ ಮತ್ತು ಥೈರಾಯ್ಡಿನ ಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿದರೆ ಸುಸ್ತಿನ ಬಹಳಷ್ಟು ಕಾರಣಗಳು ಅಲ್ಲೇ ಸಿಕ್ಕಿಬೀಳುತ್ತವೆ. ಗಂಡ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿದವರಂತಾಗುತ್ತಾರೆ ಎಂದು ಹೆಂಡತಿ ಹೇಳಿದರೆ ಅದನ್ನೂ ಡಾಕ್ಟರ ಕಿವಿಗೆ ಹಾಕಿ. ಹಗಲೆಲ್ಲ ತೂಕಡಿಸುವ ಅಂಥವರಿಗೆ ಮೊದಲು ಬೇಕಿರುವುದು ನಿದ್ದೆಯ ಪರೀಕ್ಷೆ. ಟೆಸ್ಟೊಸ್ಟೆರಾನ್ ಮಾತು ಆಮೇಲೆ.

2. ಗಡಿಯಲ್ಲಿರುವ ಟಿಎಸ್‌ಎಚ್ ಕಂಡು ಗಾಬರಿ ಬೀಳಬೇಡಿ.
ಟಿಎಸ್‌ಎಚ್ ಆರೋ ಏಳೋ ಇದೆ, ಥೈರಾಯ್ಡ್ ಹಾರ್ಮೋನ್ ಟಿ4 ಸರಿಯಾಗಿದೆ. ಅಷ್ಟಕ್ಕೇ ‘ನನಗೂ ಥೈರಾಯ್ಡ್ ಬಂತು’ ಎಂದು ಕೂರುವವರು ಬಹಳ. ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ. ಎಷ್ಟೋ ಸಲ ತಾನಾಗಿಯೇ ಇಳಿದಿರುತ್ತದೆ. 65 ದಾಟಿದ 737 ಇಂಥವರ ಮೇಲೆ ಯುರೋಪಿನಲ್ಲಿ ನಡೆದ ‘ಟ್ರಸ್ಟ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ನುಂಗಿದವರ ಸುಸ್ತಿಗೂ ಬರೀ ಹುಸಿಮಾತ್ರೆ ನುಂಗಿದವರ ಸುಸ್ತಿಗೂ ವರ್ಷ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಗರ್ಭಿಣಿಯರು, ಮಗು ಬಯಸುತ್ತಿರುವವರು, ಟಿಎಸ್‌ಎಚ್ ಹತ್ತು ದಾಟಿದವರ ವಿಷಯ ಬೇರೆ. ಅವರು ಕಾಯುತ್ತ ಕೂರಬಾರದು.

3. ಮಾತ್ರೆಗೂ ಕಾಫಿಗೂ ನಡುವೆ ಗಡಿಯಾರ ಇಡಿ.
ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಥೈರಾಯ್ಡ್ ಮಾತ್ರೆಯ ಡಬ್ಬಿ ಇರುವುದೇ ಕಾಫಿ ಫಿಲ್ಟರಿನ ಪಕ್ಕದಲ್ಲಿ. ಹಾಲು ಉಕ್ಕುವಷ್ಟರಲ್ಲಿ ಮಾತ್ರೆ ಬಾಯಿಗೆ, ಹಿಂದೆಯೇ ಒಂದು ಲೋಟ ಕಾಫಿ, ಎಂಟು ಗಂಟೆಗೆ ಉಪ್ಪಿಟ್ಟಿನ ಜೊತೆ ಕ್ಯಾಲ್ಸಿಯಂ. ಟಿಎಸ್‌ಎಚ್ ಇಳಿಯುವುದಿಲ್ಲ. ಡೋಸು 50ರಿಂದ 75ಕ್ಕೆ, 75ರಿಂದ 100ಕ್ಕೆ ಏರುತ್ತ ಹೋಗುತ್ತದೆ. ಸುಸ್ತು ಮಾತ್ರ ಇದ್ದಲ್ಲೇ ಇರುತ್ತದೆ.

ಮಾತ್ರೆಯನ್ನು ಹಾಸಿಗೆಯ ಬಳಿ ನೀರಿನ ತಂಬಿಗೆಯ ಜೊತೆ ಇಡಿ. ಎದ್ದ ಕೂಡಲೇ ನುಂಗಿ; ಮುಂದಿನ ಅರ್ಧದಿಂದ ಒಂದು ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಕೊಡಿ. ಡೋಸು ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ. ವಾರಕ್ಕೊಮ್ಮೆ ಲ್ಯಾಬಿಗೆ ಓಡುವುದು ದುಡ್ಡು ದಂಡ. ಕೂದಲಿಗೆಂದು ಬಯೋಟಿನ್ ತಿನ್ನುವವರು ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟೇ ದಾರಿ ತಪ್ಪಿಸೀತು.

4. ಮುಟ್ಟು ನಿಲ್ಲುವ ಕಾಲದ ಚಿಕಿತ್ಸೆಗೆ 2002ರ ಹೆದರಿಕೆಯನ್ನೇ ಅಳತೆಗೋಲು ಮಾಡಬೇಡಿ.
ಆ ವರ್ಷದ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ತನ್ನ ಹಾರ್ಮೋನ್ ಮಾತ್ರೆಯ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿತು. ಸ್ತನ ಕ್ಯಾನ್ಸರ್ ಹೆಚ್ಚುತ್ತಿದೆ ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿ, ಲಕ್ಷಾಂತರ ಹೆಂಗಸರು ರಾತ್ರೋರಾತ್ರಿ ಮಾತ್ರೆ ಬಿಟ್ಟರು. ಅಂಕಿ ಏನಿತ್ತು? ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ 30 ಇದ್ದ ಸ್ತನ ಕ್ಯಾನ್ಸರ್ 38 ಆಗಿತ್ತು. ಪಾರ್ಶ್ವವಾಯು, ಶ್ವಾಸಕೋಶದ ರಕ್ತಹೆಪ್ಪು ಹೆಚ್ಚಿದ್ದವು. ಸೊಂಟದ ಮೂಳೆ ಮುರಿತ ಕಡಿಮೆಯಾಗಿತ್ತು. ಆದರೆ ಭಾಗವಹಿಸಿದವರ ಸರಾಸರಿ ವಯಸ್ಸು 63. ನುಂಗಿದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್, ಜೊತೆಗೊಂದು ಕೃತಕ ಪ್ರೊಜೆಸ್ಟಿನ್. ಮುಟ್ಟು ನಿಂತು ಹತ್ತಾರು ವರ್ಷವಾದವರ ಫಲಿತಾಂಶವನ್ನು 48ರ ಹೆಂಗಸಿಗೆ ಹಾಗೆಹಾಗೇ ಅಂಟಿಸಿದ್ದರಿಂದ ಒಂದು ತಲೆಮಾರು ಸುಮ್ಮನೆ ಬೆವರಿತು ಎಂದೇ ನನ್ನ ಅನಿಸಿಕೆ.

ಈಗ ತಜ್ಞರು ಒಪ್ಪುವ ಮಾತು ಇದು: ವಯಸ್ಸು 60 ದಾಟಿರಬಾರದು ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿರಬೇಕು, ಮೈ ಬಿಸಿಯೇರಿ ಬೆವರುವ ಕಾಟ ನಿಜವಾಗಿ ಇರಬೇಕು, ಅಂಥವರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಉಪಯೋಗವೇ ಜಾಸ್ತಿ. ನಮ್ಮಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ಹೊತ್ತಿಗೆ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲೇ. 45 ದಾಟಿದವರಿಗೆ ಇದನ್ನು ಖಚಿತಪಡಿಸಲು ದುಬಾರಿ ಹಾರ್ಮೋನ್ ಟೆಸ್ಟುಗಳ ಅಗತ್ಯ ಸಾಮಾನ್ಯವಾಗಿ ಇಲ್ಲ. ಮುಟ್ಟಿನ ಲೆಕ್ಕ ಬರೆದ ಕ್ಯಾಲೆಂಡರ್ ಸಾಕು.

5. ಗರ್ಭಕೋಶ ಇದೆಯೋ ಇಲ್ಲವೋ, ಮೊದಲೇ ಹೇಳಿ.
ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೊಜೆನ್ ಕೊಟ್ಟರೆ ಅದರ ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿಯಾಗುತ್ತದೆ. 1975ರಲ್ಲೇ ಇದು ಗೊತ್ತಾಗಿತ್ತು. ಅದಕ್ಕೇ ಜೊತೆಗೆ ಪ್ರೊಜೆಸ್ಟರಾನ್. ಮೂವತ್ತೈದಕ್ಕೇ ‘ಗರ್ಭಕೋಶದ ಆಪರೇಷನ್’ ಮಾಡಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಅಂಡಾಶಯವನ್ನೂ ತೆಗೆದರಾ ಎಂದು ಕೇಳಿದರೆ ‘ಗೊತ್ತಿಲ್ಲಮ್ಮ’ ಎನ್ನುತ್ತಾರೆ. ತೆಗೆದಿದ್ದರೆ ಮುಟ್ಟು ನಿಲ್ಲುವ ಎಲ್ಲ ಕಾಟವೂ ಮರುದಿನದಿಂದಲೇ ಶುರು, ಮೂಳೆಯೂ ಬೇಗ ಸವೆಯುತ್ತದೆ. ಇವರಿಗೆ ತಡೆಯುವಂಥ ಬೇರೆ ಕಾರಣ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡುವುದು ರೂಢಿ. ಬೀರುವಿನಲ್ಲಿ ಸೀರೆಯಡಿ ಸೇರಿರುವ ಡಿಸ್ಚಾರ್ಜ್ ಕಾಗದ ಹುಡುಕಿ ತನ್ನಿ.

6. ನುಂಗುವುದೋ ಹಚ್ಚುವುದೋ, ಕೇಳಿ.
ನುಂಗಿದ ಈಸ್ಟ್ರೊಜೆನ್ ಮೊದಲು ಯಕೃತ್ತನ್ನು ಹಾಯುತ್ತದೆ, ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪ್ಯಾಚ್‌ನಲ್ಲಿ ಆ ಅಪಾಯ ಕಡಿಮೆ. ದಪ್ಪಗಿರುವವರಿಗೆ, ಬಿಪಿ ಇರುವವರಿಗೆ ಇದು ಮುಖ್ಯ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆಗಿದ್ದವರು ತಾವಾಗಿ ಯಾವುದನ್ನೂ ಶುರು ಮಾಡಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮೊದಲು.

7. ಮನಸ್ಸಿನ ಭಾರವನ್ನೆಲ್ಲ ಹಾರ್ಮೋನಿನ ತಲೆಗೆ ಕಟ್ಟಬೇಡಿ.
ರಾತ್ರಿ ನಾಲ್ಕು ಸಲ ಬೆವರಿ ಎದ್ದವಳಿಗೆ ಬೆಳಗ್ಗೆ ಸಿಡಿಮಿಡಿ ಸಹಜ. ಬೆವರು ನಿಂತರೆ ನಿದ್ದೆ ಬರುತ್ತದೆ, ಮನಸ್ಸೂ ಹಗುರಾಗುತ್ತದೆ. ಇದು ಚಿಕಿತ್ಸೆಯ ನಿಜವಾದ ಲಾಭ. ಆದರೆ ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕೇ ಬೇಡವೆನಿಸುವುದು ಖಿನ್ನತೆ. ಅದಕ್ಕೆ ಅದರದೇ ಔಷಧ, ಆಪ್ತಸಮಾಲೋಚನೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳಾಗಿರುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

8. ಗಂಡಸರೇ, ಎರಡು ಬೆಳಗಿನ ರಿಪೋರ್ಟ್ ಇಲ್ಲದೆ ಟೆಸ್ಟೊಸ್ಟೆರಾನ್ ಬೇಡ.
ಇದರ ಮಟ್ಟ ಬೆಳಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ. ಸಂಜೆ ಕೊಟ್ಟ ರಕ್ತ ನೋಡಿ ‘ಲೋ ಟಿ’ ಎನ್ನುವವರಿಂದ ದೂರವಿರಿ. ಬೇರೆಬೇರೆ ಎರಡು ದಿನ, ಖಾಲಿ ಹೊಟ್ಟೆಯಲ್ಲಿ, ಹತ್ತು ಗಂಟೆಯೊಳಗೆ ಕೊಟ್ಟ ರಕ್ತದಲ್ಲಿ ಮಟ್ಟ ಕಡಿಮೆ ಬಂದು, ಲಕ್ಷಣಗಳೂ ಇದ್ದರೆ ಮಾತ್ರ ಮುಂದಿನ ಮಾತು. ನಿಜಕ್ಕೂ ಕಡಿಮೆ ಇದ್ದ, 65 ದಾಟಿದ 790 ಗಂಡಸರ ಮೇಲಿನ ಅಧ್ಯಯನ 2016ರಲ್ಲಿ ಬಂತು: ಲೈಂಗಿಕ ಆಸಕ್ತಿ ಹೆಚ್ಚಿತು, ಮನಸ್ಥಿತಿ ತುಸು ಸುಧಾರಿಸಿತು. ಎಲ್ಲರೂ ಬಯಸುವ ಆ ‘ಎನರ್ಜಿ’ಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ರಕ್ತ ಗಟ್ಟಿಯಾಗುವ ಸಂಭವವಿರುವುದರಿಂದ ಆಗಾಗ ಪರೀಕ್ಷೆ ಬೇಕು. ಮಕ್ಕಳು ಬೇಕೆನ್ನುವವರು ಮುಟ್ಟಲೇಬಾರದು, ಹೊರಗಿನಿಂದ ಬಂದ ಟೆಸ್ಟೊಸ್ಟೆರಾನ್ ವೀರ್ಯಾಣುವಿನ ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಮದುವೆಗೆ ಮುಂಚೆ ಜಿಮ್ಮಿನಲ್ಲಿ ಚುಚ್ಚಿಸಿಕೊಳ್ಳುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ.

9. ಹಳೆಯ ಹೆರಿಗೆ, ಹಳೆಯ ಹಾವಿನ ಕಡಿತ ಮರೆಯದೆ ತಿಳಿಸಿ.
ಹೆರಿಗೆಯಲ್ಲಿ ವಿಪರೀತ ರಕ್ತ ಹೋಯಿತು. ಮಗುವಿಗೆ ಎದೆಹಾಲು ಬರಲಿಲ್ಲ. ಮುಟ್ಟು ಮತ್ತೆ ಬರಲೇ ಇಲ್ಲ. ಕಂಕುಳ ಕೂದಲು ಉದುರಿತು. ಹತ್ತು ವರ್ಷದಿಂದ ಸುಸ್ತು, ಚಳಿ, ತಲೆಸುತ್ತು. ಇದು ಶೀಹನ್ ಸಿಂಡ್ರೋಮ್: ರಕ್ತವಿಲ್ಲದೆ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ಸತ್ತಿರುತ್ತದೆ. ಕೊಳಕುಮಂಡಲ ಕಚ್ಚಿ ಬದುಕುಳಿದ ಕೆಲವರಲ್ಲೂ ಇದೇ ಗ್ರಂಥಿ ಹಾಳಾಗುತ್ತದೆ. ವರ್ಷಗಟ್ಟಲೆ ಟಾನಿಕ್ ಕುಡಿದು, ಗ್ಲೂಕೋಸ್ ಹಾಕಿಸಿಕೊಂಡು ದಿನ ದೂಡುವ ಇಂಥವರು ಸರಿಯಾದ ಹಾರ್ಮೋನ್ ಸಿಕ್ಕರೆ ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಕ್ರಮ ತಪ್ಪಬಾರದು: ಮೊದಲು ಕಾರ್ಟಿಸಾಲ್ ಎಂಬ ಹಾರ್ಮೋನ್ ತುಂಬುವ ಮಾತ್ರೆ, ಆಮೇಲೆ ಥೈರಾಕ್ಸಿನ್. ತಿರುಗುಮುರುಗಾದರೆ ಪ್ರಾಣಕ್ಕೇ ಅಪಾಯ.

10. ಹೆಸರಿಲ್ಲದ ಪುಡಿ ತಿಂದಿದ್ದರೆ ಮುಚ್ಚಿಡಬೇಡಿ.
ಮೈಕೈ ನೋವಿಗೆ, ನಿಶ್ಶಕ್ತಿಗೆ ಎಂದು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಪೊಟ್ಟಣಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಮೂರನೇ ದಿನಕ್ಕೇ ಮೈ ಹಗುರ, ಹೊಟ್ಟೆಗೆ ಹಸಿವು, ಮನಸ್ಸಿಗೆ ಹುರುಪು. ಕೆಲವು ತಿಂಗಳಲ್ಲಿ ಮುಖ ದುಂಡಗಾಗುತ್ತದೆ, ಶುಗರ್ ಏರುತ್ತದೆ, ದೇಹ ತನ್ನ ಪಾಲಿನ ಕಾರ್ಟಿಸಾಲ್ ಮಾಡುವುದನ್ನೇ ನಿಲ್ಲಿಸುತ್ತದೆ. ಗೊತ್ತಾದ ದಿನವೇ ಅದನ್ನು ಚರಂಡಿಗೆ ಸುರಿದು ಒಮ್ಮೆಲೇ ಬಿಡಲೂಬೇಡಿ. ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪುವವರೆಗೂ ಹೋದೀತು. ಪೊಟ್ಟಣ ಸಮೇತ ಡಾಕ್ಟರ ಬಳಿ ಹೋಗಿ, ಎಷ್ಟು ತಿಂಗಳಿಂದ, ದಿನಕ್ಕೆ ಎಷ್ಟು ಚಿಟಿಕೆ ಎಂದು ಹೇಳಿ. ಅವರು ವಾರವಾರವೂ ಇಳಿಸುತ್ತ ಬಿಡಿಸುತ್ತಾರೆ.