ಗಿಟಾರಿನ ನಾದವೂ ಮಿಡಿಯ ಅಂಕಿಗಳೂ

ಸಂಗೀತ ಹೃದಯದ ವಿದ್ಯೆ, ಗಣಿತ ಬುದ್ಧಿಯ ವಿದ್ಯೆ ಎಂದು ನಾವು ಸಾಮಾನ್ಯವಾಗಿ ಇವೆರಡನ್ನೂ ಬೇರೆಬೇರೆಯಾಗಿ ಎಣಿಸುತ್ತೇವೆ. ಆದರೆ ಗಣೇಶನ ಹಬ್ಬದ ಚಪ್ಪರದಲ್ಲಿ ನಡೆಯುವ ವಾದ್ಯಗೋಷ್ಠಿಯನ್ನು ಗಮನವಿಟ್ಟು ನೋಡಿದವರಿಗೆ ಈ ಎಣಿಕೆ ಪೂರ್ತಿ ಸರಿಯಲ್ಲವೆಂದು ತೋರದಿರದು. ಕೀಬೋರ್ಡಿನ ಮುಂದೆ ನಿಂತ ಒಬ್ಬನೇ ವಾದಕನು ಒಮ್ಮೆ ಕೊಳಲನ್ನೂ ಒಮ್ಮೆ ಪಿಟೀಲನ್ನೂ ಮತ್ತೊಮ್ಮೆ ಶಹನಾಯಿಯನ್ನೂ ನುಡಿಸುತ್ತಾನೆ. ಅವನ ಬೆರಳು ಒತ್ತುವುದು ಅವೇ ಕೀಲಿಗಳನ್ನು. ಕೀಲಿಯಿಂದ ಹೊರಡುವುದು ನಾದವಲ್ಲ, ಒಂದು ಅಂಕಿ. ಆ ಅಂಕಿಯನ್ನು ಓದಿಕೊಂಡು ಯಂತ್ರವು ಬೇಕಾದ ವಾದ್ಯದ ಧ್ವನಿಯನ್ನು ಹೊರಡಿಸುತ್ತದೆ. ಇದೇ ಸೌಕರ್ಯವು ಪಕ್ಕದಲ್ಲಿ ನಿಂತ ಗಿಟಾರ್ ವಾದಕನಿಗೂ ದೊರೆಯಬಲ್ಲುದೆ? ತಂತಿಯ ಕಂಪನವನ್ನು ಅಂಕಿಯಾಗಿ ಮಾರ್ಪಡಿಸುವುದು ಹೇಗೆ? ಹಾಗೆ ಮಾರ್ಪಡಿಸಿದಾಗ ನಮ್ಮ ಸಂಗೀತದಲ್ಲಿ ಯಾವುದು ಉಳಿಯುತ್ತದೆ, ಯಾವುದು ಕಳೆಯುತ್ತದೆ? ಇವನ್ನು ಯಥಾಮತಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮಿಡಿ ಎಂದರೇನು?

ಮಿಡಿ ಎಂಬುದು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಉದ್ದ ಹೆಸರಿನ ಸಂಕ್ಷೇಪ. ಕನ್ನಡದಲ್ಲಿ ಮಿಡಿಯುವುದೆಂದರೆ ತಂತಿಯನ್ನು ಮೀಟುವುದೂ ಹೌದು. ಈ ಹೊಂದಿಕೆ ಆಕಸ್ಮಿಕವಾದರೂ ಸೊಗಸಾಗಿದೆ. ಒಂದು ಕಂಪೆನಿಯ ವಾದ್ಯವು ಇನ್ನೊಂದು ಕಂಪೆನಿಯ ವಾದ್ಯದೊಡನೆ ಮಾತನಾಡಲಾರದಿದ್ದ ಕಾಲದಲ್ಲಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ಸೇರಿ 1983ರಲ್ಲಿ ಎಲ್ಲರಿಗೂ ಸಾಮಾನ್ಯವಾದ ಈ ಸಂಕೇತಭಾಷೆಯನ್ನು ಬಳಕೆಗೆ ತಂದರು.

ಈ ಭಾಷೆಯ ವ್ಯಾಕರಣ ಬಹಳ ಸರಳ. ಒಂದು ಸ್ವರವನ್ನು ಆರಂಭಿಸಬೇಕಾದರೆ ಮೂರು ಅಂಕಿಗಳನ್ನು ಕಳುಹಿಸಿದರೆ ಸಾಕು. ಉದಾಹರಣೆಗೆ 144, 40, 100 ಎಂಬ ಸಂದೇಶವನ್ನು ತೆಗೆದುಕೊಳ್ಳೋಣ. ಮೊದಲನೆಯದು ‘ಒಂದನೆಯ ವಾಹಿನಿಯಲ್ಲಿ ಸ್ವರ ಆರಂಭವಾಗಲಿ’ ಎಂಬ ಆಜ್ಞೆ. ಎರಡನೆಯದು ಸ್ವರದ ಕ್ರಮಸಂಖ್ಯೆ. ಮೂರನೆಯದು ಮೀಟಿದ ಬಲ. ಕ್ರಮಸಂಖ್ಯೆಯೂ ಬಲವೂ 0ಯಿಂದ 127ರವರೆಗೆ ಇರಬಹುದು. ಸೆಕೆಂಡಿಗೆ 440 ಕಂಪನಗಳ ಸ್ವರಕ್ಕೆ 69 ಎಂದು ಸಂಖ್ಯೆ ಕೊಟ್ಟು, ಅಲ್ಲಿಂದ ಅರ್ಧ ಸ್ವರಕ್ಕೊಂದರಂತೆ ಮೇಲಕ್ಕೂ ಕೆಳಕ್ಕೂ ಎಣಿಸಿದ್ದಾರೆ. ಒಂದು ಸ್ಥಾಯಿಗೆ ಹನ್ನೆರಡು ಸಂಖ್ಯೆಗಳು. ವಾಹಿನಿಗಳು ಹದಿನಾರು. ಸೆಕೆಂಡಿಗೆ 31,250 ಬಿಟ್ಟುಗಳ ವೇಗದಲ್ಲಿ ಮೂರು ಅಂಕಿಗಳ ಈ ಸಂದೇಶ ತಲಪಲು ಸೆಕೆಂಡಿನ ಸಾವಿರದ ಒಂದು ಭಾಗ, ಎಂದರೆ ಒಂದು ಮಿಲಿಸೆಕೆಂಡು, ಸಾಕು.

ಇಲ್ಲಿ ಓದುಗರು ಒಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಮಿಡಿಯ ಕಡತದಲ್ಲಿ ನಾದವೇ ಇರುವುದಿಲ್ಲ. ‘ಇದನ್ನು, ಇಷ್ಟು ಬಲದಿಂದ, ಈ ಹೊತ್ತಿಗೆ ನುಡಿಸು’ ಎಂಬ ಆಜ್ಞೆಗಳು ಮಾತ್ರ ಇರುತ್ತವೆ.

ತಂತಿಯ ತೊಡಕು

ಕೀಬೋರ್ಡಿನ ಕೀಲಿಗೆ ತನ್ನ ಸಂಖ್ಯೆ ಗೊತ್ತು, ಒತ್ತಿದೊಡನೆ ಹೇಳಿಬಿಡುತ್ತದೆ. ತಂತಿಗೆ ತನ್ನ ಸಂಖ್ಯೆ ಗೊತ್ತಿಲ್ಲ. ಅದು ನಡುಗುತ್ತದೆ, ಅಷ್ಟೆ. ಆ ನಡುಕವನ್ನು ಕೇಳಿ, ಸಂಖ್ಯೆಯನ್ನು ಬೇರೆ ಯಾರಾದರೂ ಕಂಡುಹಿಡಿಯಬೇಕು. ಗಿಟಾರನ್ನು ಮಿಡಿಗೆ ಪರಿವರ್ತಿಸುವ ಯಂತ್ರದ ಕಷ್ಟವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರವು ಅಲುಗಿ, ಸುರುಳಿಯಲ್ಲಿ ಅದೇ ಲಯದ ವಿದ್ಯುತ್ತು ಹುಟ್ಟುತ್ತದೆ. ಸಾಧಾರಣ ಗಿಟಾರಿನಲ್ಲಿ ಆರು ತಂತಿಗಳ ವಿದ್ಯುತ್ತೂ ಒಂದಾಗಿ ಬೆರೆತುಹೋಗುತ್ತದೆ. ಆದುದರಿಂದ ಪರಿವರ್ತನೆಗಾಗಿ ಕುದುರೆಯ ಪಕ್ಕದಲ್ಲಿ, ಒಂದೊಂದು ತಂತಿಗೆ ಒಂದೊಂದು ಪುಟ್ಟ ಸುರುಳಿಯುಳ್ಳ ಆರು ಭಾಗಗಳ ಗ್ರಾಹಕವನ್ನು ಕೂಡಿಸುತ್ತಾರೆ. ಜಪಾನಿನ ರೋಲೆಂಡ್ ಕಂಪೆನಿಯು 1977ರಲ್ಲಿ ಜಿ. ಆರ್. 500 ಎಂಬ ಗಿಟಾರ್ ಸಿಂಥಸೈಸರನ್ನೂ 1984ರಲ್ಲಿ ಮಿಡಿ ಸಂಕೇತವನ್ನು ಹೊರಕ್ಕೆ ಕೊಡುವ ಜಿ. ಆರ್. 700ನ್ನೂ ಹೊರತಂದಿತು. ಈಚೆಗೆ ಬೆರೆತ ನಾದದಿಂದಲೇ ಸ್ವರಗಳನ್ನು ಬಿಡಿಸಿ ತೆಗೆಯುವ ಗಣಕ ತಂತ್ರಾಂಶಗಳೂ ಬಂದಿವೆ.

ಯಂತ್ರವು ಸ್ವರವನ್ನು ಗುರುತಿಸುವುದು ತಂತಿಯ ಒಂದು ಸುತ್ತಿನ ಕಂಪನಕ್ಕೆ ಹಿಡಿಯುವ ಕಾಲವನ್ನು ಅಳೆದು. ಗಿಟಾರಿನ ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82.4 ಸಲ ಕಂಪಿಸುತ್ತದೆ. ಒಂದು ಸುತ್ತಿಗೆ 12 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅತಿ ತೆಳುವಾದ ತಂತಿಯದು ಸುಮಾರು 329.6 ಕಂಪನ, ಒಂದು ಸುತ್ತಿಗೆ 3 ಮಿಲಿಸೆಕೆಂಡು. ನಂಬಿಕೆಗಾಗಿ ಎರಡು ಸುತ್ತನ್ನಾದರೂ ಅಳೆಯಬೇಕೆಂದರೆ ದಪ್ಪ ತಂತಿಗೆ 24 ಮಿಲಿಸೆಕೆಂಡು ಕಾಯಲೇಬೇಕು. ಗಾಳಿಯಲ್ಲಿ ಶಬ್ದವು ಅಷ್ಟು ಹೊತ್ತಿನಲ್ಲಿ ಎಂಟು ಮೀಟರು ಸಾಗುತ್ತದೆ. ಎಂದರೆ ವಾದಕನು ತನ್ನ ಕೈಯಲ್ಲಿರುವ ವಾದ್ಯವನ್ನು ಹಜಾರದ ಆ ಕೊನೆಯಿಂದ ಕೇಳಿದಂತಾಗುತ್ತದೆ! ಸಂದೇಶ ಒಂದು ಮಿಲಿಸೆಕೆಂಡಿನಲ್ಲಿ ತಲಪುವುದಾದರೂ ಸಂದೇಶವೇನೆಂದು ತೀರ್ಮಾನಿಸುವುದಕ್ಕೆ ಅದರ ಇಪ್ಪತ್ತು ಪಾಲು ಕಾಲ ಬೇಕು. ಇದು ಯಂತ್ರದ ಸೋಮಾರಿತನವಲ್ಲ, ಪ್ರಕೃತಿಯ ನಿಯಮ.

ಎರಡನೆಯ ತೊಡಕು ಅನುಸ್ವರಗಳದು. ಯಾವ ತಂತಿಯೂ ಒಂದೇ ಸ್ವರವನ್ನು ನುಡಿಯುವುದಿಲ್ಲ. ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳೂ ಅದರೊಡನೆ ಏಳುತ್ತವೆ. ನಮ್ಮ ತಂಬೂರಿ ಮತ್ತು ವೀಣೆಗಳ ಅನುಸ್ವರಸಂಪತ್ತು ಅವುಗಳ ಕುದುರೆಯ ವಿಶೇಷ ರಚನೆಯಿಂದ ಬರುವುದೆಂದು ಸರ್ ಸಿ. ವಿ. ರಾಮನ್ ಅವರು 1921ರಷ್ಟು ಹಿಂದೆಯೇ ತೋರಿಸಿದ್ದರು. ಕಿವಿಗೆ ಹಬ್ಬವಾದ ಇದು ಯಂತ್ರಕ್ಕೆ ಗೊಂದಲ. ಎರಡನೆಯ ಅನುಸ್ವರ ಮೂಲಸ್ವರಕ್ಕಿಂತ ಬಲವಾದಾಗ ಯಂತ್ರವು ಒಂದು ಸ್ಥಾಯಿ ಮೇಲಿನ ಸಂಖ್ಯೆಯನ್ನು ಬರೆದುಬಿಡುತ್ತದೆ.

ಗಮಕದ ಪ್ರಶ್ನೆ

ಇಷ್ಟರವರೆಗಿನ ತೊಡಕುಗಳು ಎಲ್ಲ ದೇಶದ ಗಿಟಾರ್ ವಾದಕರಿಗೂ ಸಮಾನ. ಇನ್ನು ನಮಗೇ ವಿಶೇಷವಾದ ಪ್ರಶ್ನೆಗೆ ಬರೋಣ.

ಸ್ಥಾಯಿಗೆ ಹನ್ನೆರಡೇ ಸಂಖ್ಯೆಗಳಿರುವ ಭಾಷೆಯಲ್ಲಿ ನಮ್ಮ ಗಮಕಗಳನ್ನು ಬರೆಯುವುದಾಗದೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಈ ಆಕ್ಷೇಪಣೆ ನಿಲ್ಲುವಂಥದಲ್ಲ. ವೀಣೆಯ ಮೆಟ್ಟಿಲುಗಳೂ ಸ್ಥಾಯಿಗೆ ಹನ್ನೆರಡೇ. ಎರಡು ಸ್ಥಾಯಿಗಳಿಗೆ ಇಪ್ಪತ್ನಾಲ್ಕು. ಆದರೂ ವೀಣೆ ಶೇಷಣ್ಣನವರ ಮೈಸೂರು ವೀಣೆಯಲ್ಲಿ ಗಮಕಕ್ಕೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಮೆಟ್ಟಿಲುಗಳ ನಡುವಣ ನಾದವೆಲ್ಲ ದೊರೆಯುತ್ತದೆ. ಮಿಡಿಯಲ್ಲಿಯೂ ಇಂಥದೊಂದು ಎಳೆತವುಂಟು. ಅದಕ್ಕೆ ‘ಪಿಚ್ ಬೆಂಡ್’ ಎಂದು ಹೆಸರು. ಅದರ ಬೆಲೆ 0ಯಿಂದ 16,383ರವರೆಗೆ. ನಡುವಿನ 8,192 ಎಂದರೆ ಎಳೆತವಿಲ್ಲ. ಮೇಲಕ್ಕೆ ಹನ್ನೆರಡು, ಕೆಳಕ್ಕೆ ಹನ್ನೆರಡು ಅರ್ಧಸ್ವರಗಳ ವ್ಯಾಪ್ತಿಯನ್ನು ಇಟ್ಟುಕೊಂಡರೂ ಒಂದು ಅರ್ಧಸ್ವರದೊಳಗೆ 680ಕ್ಕೂ ಹೆಚ್ಚು ಹೆಜ್ಜೆಗಳು ದೊರೆಯುತ್ತವೆ. ಸೂಕ್ಷ್ಮತೆಗೆ ಇಷ್ಟು ಸಾಕು. ಎಳೆತವು ಇಡೀ ವಾಹಿನಿಗೆ ತಾಗುವುದರಿಂದ ಆರು ತಂತಿಗಳಿಗೂ ಆರು ಬೇರೆ ವಾಹಿನಿಗಳನ್ನು ಕೊಡಬೇಕು, ಅಷ್ಟೆ. 2020ರಲ್ಲಿ ಪ್ರಕಟವಾದ ಮಿಡಿಯ ಎರಡನೆಯ ಆವೃತ್ತಿಯಲ್ಲಿ ಒಂದೊಂದು ಸ್ವರಕ್ಕೂ ಪ್ರತ್ಯೇಕ ಎಳೆತವನ್ನು ಕೊಡುವ ಏರ್ಪಾಡೂ ಇದೆ.

ಹಾಗಾದರೆ ತೊಡಕು ಎಲ್ಲಿದೆ? ತೋಡಿ ರಾಗದ ಗಾಂಧಾರವನ್ನು ನೋಡೋಣ. ಷಡ್ಜಕ್ಕೆ 60 ಎಂದು ಇಟ್ಟುಕೊಂಡರೆ ಶುದ್ಧ ರಿಷಭ 61, ಸಾಧಾರಣ ಗಾಂಧಾರ 63, ಶುದ್ಧ ಮಧ್ಯಮ 65. ಪುಸ್ತಕದಲ್ಲಿ ಹೀಗೆ. ಆದರೆ ವಿದ್ವಾಂಸರು ನುಡಿಸುವಾಗ ಈ ಗಾಂಧಾರ 63ರಲ್ಲಿ ನಿಲ್ಲುವುದಿಲ್ಲ. ರಿಷಭದ ಬಳಿಯಿಂದ ಮಧ್ಯಮದ ಕಡೆಗೆ ತೊಟ್ಟಿಲಿನಂತೆ ತೂಗುತ್ತದೆ. ಯಂತ್ರವು ನಿಷ್ಠೆಯಿಂದ ಅಳೆದರೆ ನಾದವು ತಂಗಿದ ಎಡೆಗಳು 61ರ ನೆರೆ ಮತ್ತು 65ರ ನೆರೆ. 63 ದಾರಿಯಲ್ಲಿ ಹಾದುಹೋದ ಮೈಲಿಗಲ್ಲು ಮಾತ್ರ. ಎಳೆತವನ್ನು ಲೆಕ್ಕಿಸದೆ ಅರ್ಧಸ್ವರಗಳನ್ನಷ್ಟೇ ಬರೆಯುವಂತೆ ಯಂತ್ರವನ್ನು ಅಣಿಮಾಡಿದ್ದರೆ ನಮಗೆ ಸಿಕ್ಕುವುದು ರಿಷಭ ಮಧ್ಯಮಗಳ ಸಾಲು. ಕೇಳುವವರೆಲ್ಲ ‘ಗ’ ಎಂದು ಕರೆಯುವ ಸ್ವರ ಆ ಲೆಕ್ಕದಲ್ಲಿ ಸುಳಿದು ಹೋಗುವುದೇ ಹೊರತು ನೆಲೆಗೊಳ್ಳುವುದಿಲ್ಲ.

ನಾದವನ್ನು ಕೇಳುವ ಬದಲು ಬೆರಳು ಯಾವ ಮೆಟ್ಟಿಲಿನ ಮೇಲಿದೆಯೆಂದು ನೋಡಿದರಾಗದೆ ಎಂದು ಕೇಳಬಹುದು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಸಿಂಥ್‌ಆಕ್ಸ್ ಎಂಬ ವಾದ್ಯ ಹೀಗೆಯೇ ಮೆಟ್ಟಿಲನ್ನು ವಿದ್ಯುತ್ತಿನಿಂದ ಗುರುತಿಸುತ್ತಿತ್ತು. ಅದಕ್ಕೆ ಕಾಯುವ ಕಷ್ಟವಿರಲಿಲ್ಲ. ಆದರೆ ತೋಡಿಯ ಗಾಂಧಾರವನ್ನು ರಿಷಭದ ಮೆಟ್ಟಿಲಿನಿಂದಲೇ ಎಳೆದು ನುಡಿಸುವುದೂ ಉಂಟು. ಆಗ ಬೆರಳೂ ಸಾಕ್ಷಿ ಹೇಳುವುದು ‘ರಿ’ ಎಂದೇ. ಕಿವಿಯನ್ನು ನಂಬಿದರೂ ಬೆರಳನ್ನು ನಂಬಿದರೂ ಗಾಂಧಾರ ಯಂತ್ರದ ಕೈಗೆ ಸಿಕ್ಕದು. ಏಕೆಂದರೆ ಗಾಂಧಾರವೆಂಬುದು ಒಂದು ಬಿಂದುವಲ್ಲ. ಆ ರಾಗದಲ್ಲಿ ಆ ಇಡೀ ಚಲನೆಗೆ ನಾವು ಇಟ್ಟ ಹೆಸರು. ಪಾಶ್ಚಾತ್ಯ ಪದ್ಧತಿಯ ಮೇಲೆ ಕಟ್ಟಿದ ಈ ಸಂಕೇತಭಾಷೆಯಲ್ಲಿ ಮೊದಲು ಸ್ವರ, ಆಮೇಲೆ ಎಳೆತ. ನಮ್ಮಲ್ಲಿ ಎಳೆತವೇ ಸ್ವರ. ಪರಿವರ್ತನೆಯ ತೊಡಕು ಅಂಕಿಗಳು ಸಾಲದೆ ಬಂದುದಲ್ಲ, ಹೆಸರಿಡುವ ಅಧಿಕಾರ ಯಾರದೆಂಬುದರಿಂದ ಬಂದುದು.

ವಾದ್ಯವನ್ನು ಒಲಿಸಿಕೊಂಡವರು

ಇದರಿಂದ ಯಂತ್ರವನ್ನು ತ್ಯಜಿಸಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಸೀಮೆಯ ಅನುಭವ ಅದಕ್ಕೆ ವಿರುದ್ಧವಾಗಿದೆ. ಪಿಟೀಲು ಪರದೇಶದಿಂದ ಬಂದ ವಾದ್ಯ. ನಮ್ಮ ಕಿರುಗಾವಲಿಗೆ ದೂರವಲ್ಲದ ತಿರುಮಕೂಡಲು ನರಸೀಪುರದ ಚೌಡಯ್ಯನವರು ಅದನ್ನು ಬಂದ ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳ ಪಿಟೀಲನ್ನು ಏಳು ತಂತಿಗಳದನ್ನಾಗಿ ಮಾಡಿದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಂಡರು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ರೂಪಿಸಿದ ಜಿ. ರಾಜನಾರಾಯಣ್ ಅವರು ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಇವರೆಲ್ಲರಲ್ಲಿಯೂ ಕಂಡುಬರುವ ಸಾಮಾನ್ಯ ಲಕ್ಷಣವೆಂದರೆ ಮೊದಲು ಸಂಗೀತವನ್ನು ಬಲ್ಲವರಾಗಿ, ಅನಂತರ ವಾದ್ಯಕ್ಕೆ ಕೈಹಾಕಿದುದು.

ಪ್ರಯೋಗ ಮಾಡಬಯಸುವ ಸಹಪಾಠಿಗಳಿಗೆ ಉಪಯೋಗವಾಗುವ ನಾಲ್ಕು ಸೂಚನೆಗಳನ್ನು ಇಲ್ಲಿ ಕೊಡುತ್ತೇನೆ. ಒಂದು, ತಂತಿಗೊಂದು ವಾಹಿನಿಯನ್ನು ಇಟ್ಟುಕೊಳ್ಳಬೇಕು. ಎರಡು, ಎಳೆತದ ವ್ಯಾಪ್ತಿ ಸಾಮಾನ್ಯವಾಗಿ ಎರಡು ಅರ್ಧಸ್ವರಗಳಿಗೆ ನಿಗದಿಯಾಗಿರುತ್ತದೆ. ತೋಡಿಯ ಒಂದು ತೂಗಾಟಕ್ಕೂ ಇದು ಇಕ್ಕಟ್ಟು. ಕಳುಹಿಸುವ ಕಡೆಯಲ್ಲಿಯೂ ನುಡಿಸುವ ಕಡೆಯಲ್ಲಿಯೂ ಹನ್ನೆರಡಕ್ಕೆ ಹೆಚ್ಚಿಸಬೇಕು. ಒಂದು ಕಡೆ ಮಾತ್ರ ಹೆಚ್ಚಿಸಿದರೆ ಅಪಸ್ವರ ನಿಶ್ಚಯ. ಮೂರು, ವೇಗದ ಸಂಗತಿಗಳನ್ನು ತೆಳು ತಂತಿಗಳಲ್ಲಿ ನುಡಿಸಬೇಕು. ಯಂತ್ರ ಅಲ್ಲಿ ಬೇಗ ತೀರ್ಮಾನಿಸುತ್ತದೆ. ನಾಲ್ಕು, ಪಕ್ಕದ ತಂತಿ ತಾಗದಂತೆ ಒಂದೊಂದನ್ನೇ ಬಿಡಿಯಾಗಿ ಮೀಟಬೇಕು. ಮನುಷ್ಯನ ಕಿವಿ ಮನ್ನಿಸುವ ಸಣ್ಣ ಶಬ್ದವನ್ನು ಯಂತ್ರ ಮನ್ನಿಸದೆ ಸ್ವರವೆಂದೇ ಬರೆದುಕೊಳ್ಳುತ್ತದೆ.

ಲೆಕ್ಕವೂ ಬೀಜವೂ

ಬಿ. ಎ. ತರಗತಿಯ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಹಿರಿಯರಿಗೆ ಹಾಡು ಗೊತ್ತಿತ್ತು, ಬರವಣಿಗೆ ಗೊತ್ತಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಹಿಡಿದು ಹಾಡುವ ನೀಲಗಾರರ ಶ್ರುತಿ 440ರ ಲೆಕ್ಕಕ್ಕೆ ಕಟ್ಟುಬಿದ್ದುದಲ್ಲ; ಅವರವರ ಕಂಠವೇ ಅವರವರ ಷಡ್ಜ. ಇಂಥ ನಾದವನ್ನು ಮುಂದಿನವರಿಗಾಗಿ ಕಾಪಾಡುತ್ತೇವೆಂದು ಹೊರಟು ಅಂಕಿಗಳನ್ನು ಮಾತ್ರ ಇಟ್ಟುಕೊಂಡರೆ, ನೂರು ವರ್ಷಗಳ ಮೇಲೆ ಅದನ್ನು ತೆರೆದವನಿಗೆ ಸಿಕ್ಕುವುದು ಹನ್ನೆರಡು ಮನೆಗಳಲ್ಲಿ ಕೂಡಿಸಿದ ಆಜ್ಞೆಗಳು.

ನಮ್ಮ ಕಿರುಗಾವಲಿನ ಸೈಯದ್ ಗನಿ ಖಾನರು ನೂರಾರು ನಾಟಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವುದು ಅನೇಕರಿಗೆ ತಿಳಿದ ಸಂಗತಿ. ಕಣದ ಲೆಕ್ಕದಲ್ಲಿ ‘ಇಷ್ಟು ಖಂಡುಗ ಭತ್ತ’ ಎಂದು ಬರೆದರೆ ಅದು ಸುಳ್ಳಲ್ಲ, ವ್ಯವಹಾರಕ್ಕೆ ಅದು ಬೇಕೂ ಬೇಕು. ಆದರೆ ಲೆಕ್ಕದ ಪುಸ್ತಕವನ್ನು ಬಿತ್ತಿದರೆ ಪೈರು ಬಾರದು. ಅದಕ್ಕಾಗಿ ಅವರು ಒಂದೊಂದು ತಳಿಯ ಬೀಜವನ್ನೂ ಅದರದರ ಹೆಸರಿನಲ್ಲಿ ಬೇರೆಯಾಗಿ ಇಟ್ಟು, ಬಿತ್ತಿ ಬೆಳೆಯುತ್ತಾರೆ. ಮಿಡಿಯ ಅಂಕಿ ಲೆಕ್ಕದಂತೆ, ಧ್ವನಿಮುದ್ರಣ ಬೀಜದಂತೆ. ಕಲಿಯಲು, ಹೋಲಿಸಲು, ಒಂದರ ಧ್ವನಿಯನ್ನು ಇನ್ನೊಂದಕ್ಕೆ ಕೊಡಲು ಅಂಕಿ ಬಹಳ ಉಪಕಾರಿ. ಆದರೆ ಅದರ ಪಕ್ಕದಲ್ಲಿ ಮೂಲ ನಾದವನ್ನೂ ಇಡಬೇಕು, ಈ ಚಲನೆಗೆ ನಾವು ಗಾಂಧಾರವೆನ್ನುತ್ತೇವೆ ಎಂಬ ಬಲ್ಲವರ ಟಿಪ್ಪಣಿಯನ್ನೂ ಇಡಬೇಕು. ಆ ಟಿಪ್ಪಣಿಯನ್ನು ಬರೆಯುವುದು ಎಂಜಿನಿಯರನೊಬ್ಬನಿಂದಲೇ ಆಗುವ ಕೆಲಸವಲ್ಲ. ಭಾಷೆಯನ್ನೂ ಸಂಗೀತವನ್ನೂ ಜನಪದವನ್ನೂ ಓದುವ ನಮ್ಮಂಥವರಿಗೂ ಅದರಲ್ಲಿ ಪಾಲಿದೆ. ನಮ್ಮ ಕಾಲೇಜಿನ ವಿಜ್ಞಾನದ ಮಿತ್ರರೂ ಸಾಹಿತ್ಯದ ಮಿತ್ರರೂ ಒಂದೇ ಮೇಜಿನ ಬಳಿ ಕುಳಿತು, ಒಂದು ಗಿಟಾರು, ಒಂದು ಗಣಕ, ಒಬ್ಬ ಹಾಡುಗಾರ, ಇಷ್ಟರಿಂದ ಈ ಕೆಲಸವನ್ನು ಆರಂಭಿಸಬಹುದು. ಮುಂದಿನ ವರ್ಷದ ಸಂಚಿಕೆಯಲ್ಲಿ ಅದರ ಫಲವನ್ನು ಯಾರಾದರೂ ಬರೆದರೆ ಈ ಲೇಖಕನಿಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.