ಜಿಎಸ್‌ಟಿ ಸಂಖ್ಯೆಯ ಹದಿನೈದನೆಯ ಅಕ್ಷರ: ಬಿಲ್ಲಿಗೆ ಮುನ್ನವೇ ತಪ್ಪು ಹಿಡಿಯುವ ಕ್ರಮ

ಬಿಲ್ಲಿನಲ್ಲಿ ಖರೀದಿದಾರರ ಜಿಎಸ್‌ಟಿ ಸಂಖ್ಯೆಯ ಒಂದು ಅಕ್ಷರ ತಪ್ಪಿದರೆ ಆಗುವ ನಷ್ಟವೇನು? ನಮ್ಮ ಕಚೇರಿಗೆ ಲೆಕ್ಕಪತ್ರ ತರುವ ಸಣ್ಣ ಉತ್ಪಾದಕರೊಬ್ಬರು 4,00,000 ರೂಪಾಯಿ ಮೌಲ್ಯದ ಸರಕಿಗೆ ಶೇ. 18ರಂತೆ 72,000 ರೂಪಾಯಿ ತೆರಿಗೆ ವಿಧಿಸಿ ಬಿಲ್ಲು ಮಾಡಿದ್ದರು. ಸಂಖ್ಯೆಯಲ್ಲಿ ಎರಡು ಅಂಕಿಗಳು ಅದಲುಬದಲಾಗಿದ್ದವು. ಜಿಎಸ್‌ಟಿಆರ್-1 ಸಲ್ಲಿಸುವಾಗ ಪೋರ್ಟಲ್ ಅದನ್ನು ಒಪ್ಪಲಿಲ್ಲ. ಕೊನೆಯ ದಿನದ ಅವಸರದಲ್ಲಿ ಗುಮಾಸ್ತರು ಆ ಬಿಲ್ಲನ್ನು ನೋಂದಣಿಯಿಲ್ಲದವರ ಮಾರಾಟಕ್ಕೆ ಸೇರಿಸಿಬಿಟ್ಟರು. ಖರೀದಿದಾರರ ಜಿಎಸ್‌ಟಿಆರ್-2ಬಿಯಲ್ಲಿ ಬಿಲ್ಲು ಕಾಣಲಿಲ್ಲ. ಅಲ್ಲಿ ಕಾಣದ ಬಿಲ್ಲಿಗೆ 2022ರ ಜನವರಿ 1ರಿಂದ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅವರು 72,000 ರೂಪಾಯಿ ತಡೆಹಿಡಿದರು.

ಸಂಖ್ಯೆಯ ರಚನೆ

ಮೊದಲ ಎರಡು ಅಂಕಿಗಳು ರಾಜ್ಯ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಸ್ಥಾನಗಳು ಪ್ಯಾನ್. ಪ್ಯಾನ್‌ನ ನಾಲ್ಕನೆಯ ಅಕ್ಷರ ವ್ಯಕ್ತಿಗೆ ಪಿ, ಪಾಲುದಾರಿಕೆ ಸಂಸ್ಥೆಗೆ ಎಫ್, ಕಂಪನಿಗೆ ಸಿ. ಹದಿಮೂರನೆಯದು ಅದೇ ಪ್ಯಾನ್‌ನಲ್ಲಿ ಆ ರಾಜ್ಯದೊಳಗಿನ ನೋಂದಣಿಯ ಕ್ರಮಾಂಕ. ಹದಿನಾಲ್ಕನೆಯದು ಸಾಮಾನ್ಯವಾಗಿ ಝಡ್. ಹದಿನೈದನೆಯದು ತಪಾಸಣಾ ಅಕ್ಷರ.

ಲೆಕ್ಕದ ವಿಧಾನ

ಅಂಕಿಗಳಿಗೆ ಅವುಗಳದೇ ಬೆಲೆ. ಎ ಅಕ್ಷರಕ್ಕೆ 10, ಬಿಗೆ 11, ಹೀಗೆ ಝಡ್‌ಗೆ 35. ಮೊದಲ ಹದಿನಾಲ್ಕು ಬೆಲೆಗಳನ್ನು ಕ್ರಮವಾಗಿ 1, 2, 1, 2 ಎಂದು ಗುಣಿಸಬೇಕು. ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷಗಳನ್ನು ಕೂಡಿಸಬೇಕು. ಎಲ್ಲದರ ಮೊತ್ತವನ್ನು 36ರಿಂದ ಭಾಗಿಸಿ ಬಂದ ಶೇಷವನ್ನು 36ರಿಂದ ಕಳೆದರೆ ತಪಾಸಣಾ ಅಕ್ಷರದ ಬೆಲೆ ಸಿಗುತ್ತದೆ. ಶೇಷ ಸೊನ್ನೆಯಾದರೆ ಅಕ್ಷರವೂ ಸೊನ್ನೆ.

ಉದಾಹರಣೆಗೆ 29, ಐದು ಎ, ನಾಲ್ಕು ಸೊನ್ನೆ, ಒಂದು ಎ, 1, ಝಡ್ ಎಂಬ ಕಲ್ಪಿತ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಮೊತ್ತ 146, ಶೇಷ 2, ಉಳಿದದ್ದು 34, ಅಂದರೆ ವೈ.

ಒಂದು ಅಕ್ಷರ ತಪ್ಪಿದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ. ಪಕ್ಕದ ಎರಡು ಅಕ್ಷರಗಳು ಸ್ಥಾನ ಬದಲಿಸಿದರೂ, ಸೊನ್ನೆ ಮತ್ತು ಝಡ್ ಜೋಡಿಯೊಂದನ್ನು ಬಿಟ್ಟು, ಹಿಡಿಯುತ್ತದೆ.

ಗಣಕದಲ್ಲಿ ಅಳವಡಿಕೆ

ಆನ್‌ಲೈನ್ ಆರ್ಡರ್ ನಮೂನೆ ಅಥವಾ ಬ್ರೌಸರಿನಲ್ಲಿ ನಡೆಯುವ ಬಿಲ್ಲಿಂಗ್ ವ್ಯವಸ್ಥೆ ಉಳ್ಳವರು ಜಾವಾಸ್ಕ್ರಿಪ್ಟ್ ಭಾಷೆಯ ಕೆಲವೇ ಸಾಲುಗಳಲ್ಲಿ ಈ ಪರೀಕ್ಷೆಯನ್ನು ಅಳವಡಿಸಿಕೊಳ್ಳಬಹುದು. ಸಿದ್ಧ ಲೈಬ್ರರಿಗಳೂ ಉಂಟು. ವ್ಯಾಲಿಡೇಟರ್ ಜೆಎಸ್ ಎಂಬುದು ಆಧಾರ್‌ನ ಹನ್ನೆರಡು ಅಂಕಿಗಳನ್ನು ಡಚ್ ಗಣಿತಜ್ಞ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ಕ್ರಮದಿಂದ ಪರೀಕ್ಷಿಸುತ್ತದೆ. ಲೈಬ್ರರಿ ಬಳಸುವಾಗ ತಂತ್ರಜ್ಞರನ್ನು ಒಂದು ಪ್ರಶ್ನೆ ಕೇಳಿರಿ: ಇದು ಅಕ್ಷರಗಳ ವಿನ್ಯಾಸವನ್ನು ಮಾತ್ರ ನೋಡುತ್ತದೆಯೋ, ತಪಾಸಣಾ ಅಕ್ಷರವನ್ನೂ ಲೆಕ್ಕ ಹಾಕುತ್ತದೆಯೋ? ವಿನ್ಯಾಸ ಸರಿಯಿದ್ದೂ ಸಂಖ್ಯೆ ತಪ್ಪಿರಬಹುದು.

ಪರೀಕ್ಷೆಯ ಮಿತಿ

ಈ ಲೆಕ್ಕ ಹೇಳುವುದು ಸಂಖ್ಯೆಯ ಬರವಣಿಗೆ ಸರಿಯೆಂಬುದನ್ನು ಮಾತ್ರ. ರದ್ದಾದ ನೋಂದಣಿಯೂ, ಬೇರೊಬ್ಬರ ಸಂಖ್ಯೆಯೂ ಇದರಲ್ಲಿ ತೇರ್ಗಡೆಯಾಗುತ್ತವೆ. ಆದ್ದರಿಂದ ಹೊಸ ಗಿರಾಕಿಯ ಖಾತೆ ತೆರೆಯುವಾಗ ಪೋರ್ಟಲ್‌ನಲ್ಲಿ ಹೆಸರು ಮತ್ತು ನೋಂದಣಿಯ ಸ್ಥಿತಿಯನ್ನು ತಪ್ಪದೆ ನೋಡತಕ್ಕದ್ದು.

ಬಿಲ್ಲಿನ ತಿದ್ದುಪಡಿಗೆ ಆರ್ಥಿಕ ವರ್ಷದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದೇ ಗಡುವು. ಮೇಲೆ ಹೇಳಿದ ಉತ್ಪಾದಕರು ಗಡುವಿನೊಳಗೆ ತಿದ್ದಿದ್ದರಿಂದ ಹಣ ಕೈಸೇರಿತು. ಆದರೆ ಅಷ್ಟು ತಿಂಗಳು ಅವರ ಬಂಡವಾಳ ಸಿಕ್ಕಿಕೊಂಡಿದ್ದುದು ಒಂದೇ ಒಂದು ಅಕ್ಷರದ ಪರೀಕ್ಷೆಯಿಲ್ಲದೆ.