ಅಜ್ಜನ ರ‍್ಯಾಂಕಿನಿಂದ ಶುರು ಮಾಡಬೇಡ

ಮಗಳೇ,

ನಿಮ್ಮಜ್ಜಿಯ ಉತ್ತರಕ್ರಿಯೆಯ ದಿನ ಹಂಚುವ ಪುಸ್ತಿಕೆಗೆಂದು ನೀನು ಬರೆದು ಕಳಿಸಿದ್ದನ್ನು ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಮೊದಲ ಎರಡು ಪುಟದ ತುಂಬ ನಿಮ್ಮಜ್ಜನೇ ಇದ್ದಾರೆ. ಅವರು ಬೆಂಗಳೂರಿನ ಎಂಇಜಿ ಸೆಂಟರಿನಲ್ಲಿ ಸೈನ್ಯಕ್ಕೆ ಭರ್ತಿಯಾದದ್ದು, 1965, 1971ರ ಯುದ್ಧಗಳು, ಹವಾಲ್ದಾರರಾದದ್ದು. ಮೂರನೇ ಪುಟದಲ್ಲಿ ಅಜ್ಜಿ ಬರುತ್ತಾಳೆ, ಅದೂ 'ನೆರಳಿನಂತೆ ಪತಿಯನ್ನು ಅನುಸರಿಸಿದವಳು' ಎಂದು. ಅನುಸರಿಸುವುದಕ್ಕೆ ಪತಿ ಎಲ್ಲಿದ್ದರು ಮಗೂ? ವರ್ಷಕ್ಕೆ ಎರಡು ತಿಂಗಳ ರಜೆ. ಉಳಿದ ಹತ್ತು ತಿಂಗಳು ಆ ಮನೆಯ ಯಜಮಾನಿ ಅವಳು.

ಆ ಹತ್ತು ತಿಂಗಳನ್ನು ಬರಿ. ಸುರಿಯುವ ಮಳೆಯಲ್ಲಿ ನಾಟಿಗೆ ಆಳು ಹೊಂದಿಸಿದ್ದು, ಮಳೆಗಾಲ ಮುಗಿದ ಮೇಲೆ ಕಾಫಿ ಕೊಯ್ಲು. ಆಗ ಬೆಳೆದ ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಯಾವ ವರ್ಷದ ಯಾವ ಕಂತು ಬಾಕಿ ಎಂಬುದು ಅವಳ ನಾಲಗೆಯ ತುದಿಯಲ್ಲಿತ್ತು. ಪಕ್ಕದವರು ಬೇಲಿ ಸರಿಸಿದಾಗ ಸರ್ವೆಯವರನ್ನು ಕರೆಸಿ, ಸರಪಳಿ ಹಿಡಿದು ಅಳೆಯುವಾಗ ಗದ್ದೆಯ ಬದುವಿನಲ್ಲಿ ಕೊಡೆ ಹಿಡಿದು ನಿಂತಿದ್ದಳು. ಅತ್ತೆ ಮಾವನ ಔಷಧಿ, ಅಂಗಡಿಯ ಸಾಲ, ತಡವಾದ ಮನಿಯಾರ್ಡರ್. ನಮ್ಮ ಮಕ್ಕಳ ಹುಟ್ಟಿದ ತಿಂಗಳು ನೋಡಿದರೆ ಅಪ್ಪಂದಿರ ರಜೆ ಯಾವಾಗ ಇತ್ತೆಂದು ಲೆಕ್ಕ ಹಾಕಬಹುದು ಎಂದು ನಾವಿಬ್ಬರೂ ನಗುತ್ತಿದ್ದೆವು. ಇದನ್ನು ಪುಸ್ತಿಕೆಗೆ ಹಾಕಬೇಡ, ನಿಮ್ಮಪ್ಪನಿಗೆ ಮುಜುಗರವಾದೀತು.

ಅವಳ ಕಪ್ಪು ಟ್ರಂಕಿನಲ್ಲಿ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಇರಬೇಕು. ಒಳಗೆ ಏನಿದೆ ಎಂದು ಓದುವ ಮೊದಲು ಕಳಿಸಿದವರ ವಿಳಾಸ ನೋಡು. ಊರಿನ ಹೆಸರು ಇರುವುದಿಲ್ಲ, 56 ಎಪಿಓ ಅಥವಾ 99 ಎಪಿಓ ಎಂದು ಸೇನಾ ಅಂಚೆ ಕಚೇರಿಯ ಸಂಖ್ಯೆಯಷ್ಟೇ ಇರುತ್ತದೆ. ಗಂಡ ಎಲ್ಲಿದ್ದಾನೆಂದು ಬರೆಯುವ ಹಾಗಿರಲಿಲ್ಲ. ಆದರೆ 56 ಎಂದರೆ ಉತ್ತರ ಇಲ್ಲವೇ ಪಶ್ಚಿಮ, 99 ಎಂದರೆ ಪೂರ್ವ ಎಂದು ನಮಗೆಲ್ಲ ಗೊತ್ತಿತ್ತು. 1971ರಲ್ಲಿ ಅವಳಿಗೆ ಬರುತ್ತಿದ್ದ ಪತ್ರದಲ್ಲಿ ಸಂಖ್ಯೆ ಬದಲಾಯಿತು. ನಮ್ಮ ಮನೆಗೆ ಓಡಿ ಬಂದು ರೇಡಿಯೋ ಹಾಕಿಸಿದಳು. ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ.

ನೀನು ಮಡಿಕೇರಿಯಲ್ಲಿ ಓದಿದವಳು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ನೋಡಿದ್ದೀಯ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮರಳಲಿಲ್ಲ. ಅಲ್ಲಿ ಆಕಾಶದಲ್ಲಿ ನಡೆದದ್ದೇನೆಂದು ನಮ್ಮ ಕಡೆಯವರಿಗೆ ಬಹಳ ವರ್ಷ ತಿಳಿಯಲೇ ಇಲ್ಲ. ಶತ್ರುವಿನ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿಯೇ ಅವರು ಹೋದರೆಂಬುದು ಹೊರಬಿದ್ದ ಮೇಲೆ, 1988ರಲ್ಲಿ, ಮಹಾವೀರ ಚಕ್ರ ಬಂತು. ನಡುವೆ 23 ವರ್ಷ. ಪ್ರತಿಮೆಯ ಮುಂದೆ ಭಾಷಣ ಮಾಡುವವರು ಆ ಕೆಲವು ನಿಮಿಷದ ಕಾಳಗವನ್ನು ಚೆನ್ನಾಗಿ ಬಣ್ಣಿಸುತ್ತಾರೆ. ಪತ್ನಿ ಸುಂದರಿಯವರು ಆ 23 ವರ್ಷ ಹೇಗೆ ಕಳೆದರೆಂದು ಯಾರೂ ಮಾತನಾಡಿದ್ದನ್ನು ನಾನು ಕೇಳಿಲ್ಲ. ನಿನ್ನ ಬರಹದಲ್ಲಿ ಆಗಿರುವುದೂ ಇದೇ.

ಇನ್ನೊಂದು ವಿಷಯ. ನಿಮ್ಮಜ್ಜಿಯ ಕಷ್ಟವೆಲ್ಲ ಅಜ್ಜ ದೂರವಿದ್ದಾಗ ಎಂದು ನೀನು ತಿಳಿದಂತಿದೆ. ಅಲ್ಲ. ಅವರು ಬಂದ ಮೇಲೆ. ಜವಾನರಿಗೆ ಪಿಂಚಣಿಗೆ 15 ವರ್ಷದ ಸೇವೆ ಸಾಕು. ಊರಿನ ಮೇಷ್ಟ್ರು ಇನ್ನೂ ಬಡ್ತಿಗೆ ಕಾಯುವ ವಯಸ್ಸಿಗೆ ನಮ್ಮವರು ಪೆನ್ಷನ್‌ದಾರರಾಗಿ ಬಂದು ಜಗುಲಿಯಲ್ಲಿ ಕೂತರು. ಐದು ಗಂಟೆಗೆ ಎಲ್ಲರೂ ಏಳಬೇಕು, ಹೊದಿಕೆಯ ಮಡಿಕೆ ಸರಿಯಿರಬೇಕು, ಆಳುಗಳು ಹೇಳಿದ ಹೊತ್ತಿಗೆ ಬರಬೇಕು. ಆಳುಗಳು ಬರುವುದನ್ನೇ ಬಿಟ್ಟರು. ಮಕ್ಕಳು ಅಪ್ಪನನ್ನು ಕಂಡರೆ ಅತಿಥಿಯನ್ನು ಕಂಡ ಹಾಗೆ ಎದ್ದು ನಿಲ್ಲುತ್ತಿದ್ದರು. ಪಾಸ್‌ಬುಕ್ಕು ಯಾರ ಕೈಯಲ್ಲಿರಬೇಕು ಎಂಬ ಜಗಳ ಎಷ್ಟು ದಿನ ನಡೆಯಿತೋ. ಕೊನೆಗೆ ಅವಳು ಪಾಸ್‌ಬುಕ್ಕನ್ನು ಅವರಿಗೆ ಕೊಟ್ಟಳು, ಕಾಫಿ ಲೆಕ್ಕ ಬಿಡಲಿಲ್ಲ. ಅವರು ಮಂಗಳೂರಿನಲ್ಲಿ ಬ್ಯಾಂಕಿನ ಕಾವಲುಗಾರರಾಗಿ ಸೇರಿದಾಗ ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು, ಅವರೂ ಸೇರಿ. ಇದನ್ನು ಬರೆದರೆ ಅಜ್ಜನಿಗೆ ಅವಮಾನ ಎಂದು ನಿನ್ನ ಅತ್ತೆ ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಹೆಚ್ಚುಕಮ್ಮಿ ಅಪರಿಚಿತರಾಗಿದ್ದ ಇಬ್ಬರು ಮಧ್ಯವಯಸ್ಸಿನಲ್ಲಿ ಒಂದೇ ಮನೆಯಲ್ಲಿ ಬದುಕಲು ಕಲಿತರು. ಅದಕ್ಕೆ ಪದಕ ಕೊಡುವವರಿಲ್ಲ.

ನಿಮ್ಮಪ್ಪ ಮಿಲಿಟರಿಗೆ ಸೇರುತ್ತೇನೆಂದಾಗ ಅವಳು ಹೆಮ್ಮೆಪಟ್ಟಳು ಎಂದು ಬರೆದಿದ್ದೀಯ. ಎರಡು ದಿನ ಊಟ ಬಿಟ್ಟಿದ್ದಳು. ಹೆಮ್ಮೆ ಆಮೇಲಿನದು. 1999ರಲ್ಲಿ ಕಾರ್ಗಿಲ್ ಯುದ್ಧ ಟೀವಿಯಲ್ಲಿ ಹಗಲೂ ರಾತ್ರಿ ಬರುತ್ತಿದ್ದಾಗ, 'ಪತ್ರದ ಕಾಲವೇ ವಾಸಿ, ಎರಡು ಪತ್ರದ ನಡುವೆ ನಿದ್ದೆಯಾದರೂ ಬರುತ್ತಿತ್ತು' ಎಂದಳು. 'ವೀರಮಾತೆ' ಎಂಬ ಮಾತನ್ನು ತೆಗೆದು ಇದನ್ನು ಹಾಕು. ಅವಳಿಗೆ ಕೋಪ ಬೇಗ, ಸೊಸೆಯರ ಅಡುಗೆಯಲ್ಲಿ ಹುಳುಕು ಹುಡುಕುತ್ತಿದ್ದಳು, ಮಿಲಿಟರಿ ಕ್ಯಾಂಟೀನಿನ ರಮ್ಮನ್ನು ಬೀಗ ಹಾಕಿಟ್ಟು ಕೆಲಸ ಮಾಡಿಸಿಕೊಂಡವರಿಗೆ ಮಾತ್ರ ಕೊಡುತ್ತಿದ್ದಳು. ಇವೂ ಇರಲಿ.

ಅಜ್ಜ ತೀರಿಕೊಂಡ ಮೇಲಿನ ಸಂಗತಿಯನ್ನಂತೂ ಬಿಡಬೇಡ. ಮದುವೆಯಾದಾಗ ದಾಖಲೆಯಲ್ಲಿ ಬರೆಸಿದ ಹೆಸರು ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಹೀಗಾಗಿ ಕುಟುಂಬ ಪಿಂಚಣಿ ನಿಂತಿತು. ಕೊನೆಯ ಸಂಬಳದ ಶೇಕಡಾ 30ರ ಆ ಹಣಕ್ಕೆ ಅಫಿಡವಿಟ್ಟು, ಶಾಲೆಯ ಸರ್ಟಿಫಿಕೇಟು ಎಂದು ಒಬ್ಬಳೇ ಬಸ್ಸಿನಲ್ಲಿ ಅಲೆದಳು. ಬಂತು. ಆಮೇಲೆ ಪ್ರತಿ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟಿಗೆ ಹೊರಟಾಗ, 'ಬದುಕಿದ್ದೇನೆ ಎಂದು ಹೇಳಿ ಬರುತ್ತೇನೆ' ಎಂದು ನಮ್ಮ ಗೇಟಿನಲ್ಲಿ ನಿಂತು ಕೂಗುತ್ತಿದ್ದಳು.

ಬರಹದ ಜೊತೆಗೆ ಒಂದು ಕೆಲಸ. ಅವಳು ಹೋದ ಸುದ್ದಿಯನ್ನು ಬ್ಯಾಂಕಿಗೆ ಈ ವಾರವೇ ಬರೆದು ತಿಳಿಸಿ. ಪಿಂಚಣಿ ತಪ್ಪಿ ಜಮೆಯಾದರೆ ಆಮೇಲೆ ವಾಪಸು ಕೇಳುತ್ತಾರೆ. ಪಿಂಚಣಿ ಆದೇಶದ ಪತ್ರ, ಪಿಪಿಓ, ಟ್ರಂಕಿನ ತಳದಲ್ಲಿ, ಹಳೆಯ ಸ್ವೆಟರಿನ ಕೆಳಗಿದೆ. ನಿನ್ನ ಅತ್ತೆಗೆ ಮದುವೆಯಾಗಿಲ್ಲ, ಸ್ವಂತ ಆದಾಯವಿಲ್ಲ. ಅಂಥ ಮಗಳಿಗೂ ಕುಟುಂಬ ಪಿಂಚಣಿಯ ಹಕ್ಕು ಇದೆ. ರೆಕಾರ್ಡ್ ಆಫೀಸಿನ ಪಾರ್ಟ್ ಟೂ ಆರ್ಡರಿನಲ್ಲಿ ಅತ್ತೆಯ ಹೆಸರು, ಹುಟ್ಟಿದ ದಿನ ಸರಿಯಾಗಿವೆಯೇ ನೋಡು. ಇಲ್ಲದಿದ್ದರೆ ಸೋಮವಾರ ಬಾ, ಅರ್ಜಿ ನಾನು ಬರೆದುಕೊಡುತ್ತೇನೆ.

ಆಶೀರ್ವಾದಗಳು,
ನಿಮ್ಮಜ್ಜಿಯ ಗೆಳತಿ